ಲೂಝಾಳ ಗುಲ್ಮ

ಕಸ್ರ್ ತೂತ್,
ಶುಕ್ರವಾರ, ೨೦ ಸೆಪ್ಟೆಂಬರ್ ೨೦೧೯

ತಮ್ಮ ಲಸ್ಸಾದ್‌ಗೆ ಅಕ್ಕ ದರ್ಸಾಫ್‌ಳ ಸಲಾಮು.

ಆಗಸ್ಟ್ ಇಪ್ಪತ್ತೊಂಬತ್ತರ ಗುರುವಾರ, ಬೆಳಗಿನ ನಮಾಜು ಮುಗಿಸಿ ಜನ ಮನೆಗೆ ಮರಳುವ ಹೊತ್ತಿನಲ್ಲಿ, ನೀನು ಉಪಾಧ್ಯಕ್ಷನಾಗಿರುವ ಪುರಸಭೆಯ ವ್ಯಾನು ನಮ್ಮ ಓಣಿಗೆ ಬಂದು ನನ್ನ ಕಾಯಿಲೆಯ ನಾಯಿ ಲೂಝಾಳ ಮೇಲೆ ಗುಂಡು ಹಾರಿಸಿತು. ಬೀದಿನಾಯಿಗಳನ್ನು ಇನ್ನು ಮುಂದೆ ಕೊಲ್ಲುವುದಿಲ್ಲ, ಹಿಡಿದು ಸಂತಾನಹರಣ ಮಾಡಿ ಬಿಡುತ್ತೇವೆ ಎಂಬ ಠರಾವನ್ನು ಕಳೆದ ವರ್ಷ ಸಭೆಯಲ್ಲಿ ಓದಿದವನು ನೀನೇ. ಅವತ್ತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು.

ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಬೇಸರ ಮಾಡಿಕೊಳ್ಳಬೇಡ. ಮೊದಮೊದಲು ಫೋನು ಮಾಡಿದೆ, ನೀನು ಎತ್ತಲಿಲ್ಲ. ರಾಷ್ಟ್ರಾಧ್ಯಕ್ಷರ ಚುನಾವಣೆಯ ಗದ್ದಲದಲ್ಲಿ ಇದ್ದೀಯೆ ಎಂದುಕೊಂಡು ಕಾದೆ. ಮತದಾನ ಮುಗಿದು ಗೋಡೆಯ ಪೋಸ್ಟರುಗಳೂ ಹರಿದುಹೋದವು, ನಿನ್ನ ಫೋನು ಮಾತ್ರ ಬರಲಿಲ್ಲ. ನಿನ್ನ ಮಂಡಿ ನೋವು ಹೇಗಿದೆ? ನಿನ್ನ ಹೆಂಡತಿ ಫಾಯ್ಜಾಳ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ನಿನ್ನ ಮೊಮ್ಮಗಳು ಎಯಾಳನ್ನು ನೋಡಿ ತಿಂಗಳಾಯಿತು. ಅವಳಿಗೆಂದು ಮಾಡಿದ ಅಂಜೂರದ ಮುರಬ್ಬ ಇನ್ನೂ ಇಲ್ಲೇ ಇದೆ.

ಆ ದಿನ ನಡೆದದ್ದನ್ನು ಯಾರು ಯಾರೋ ನಿನಗೆ ಬೇರೆ ಬೇರೆ ರೀತಿ ಹೇಳಿರುತ್ತಾರೆ. ನನ್ನ ಬಾಯಿಂದಲೂ ಒಮ್ಮೆ ಕೇಳು.

ಬಕ್ರೀದ್ ಮುಗಿದ ಮರುದಿನವೇ ಲೂಝಾ ಊಟ ಬಿಟ್ಟಳು. ಓಣಿಯ ನಾಯಿಗಳೆಲ್ಲ ಹಬ್ಬದ ಎಲುಬಿಗೆ ಕಚ್ಚಾಡುತ್ತಿದ್ದರೆ ಇವಳು ಅಡುಗೆಮನೆಯ ತಣ್ಣನೆಯ ನೆಲಕ್ಕೆ ಹೊಟ್ಟೆ ಆನಿಸಿ ಮಲಗಿದ್ದಳು. ಒಸಡು ಬಿಳಿಚಿಕೊಂಡಿತ್ತು. ಪಶುಗಳ ಡಾಕ್ಟರ್ ರಿಹೇಮ್ ಹೊಟ್ಟೆ ಒತ್ತಿ ನೋಡಿದರು. ಬೆರಳುಗಳು ಎಡಗಡೆ ಒಂದು ಜಾಗದಲ್ಲಿ ನಿಂತವು. ಆಮೇಲೆ ನನ್ನ ಮುಖ ನೋಡದೆ ಹೇಳಿದರು:

"ಗುಲ್ಮ, ಅಂದ್ರೆ ಸ್ಪ್ಲೀನ್, ಊದಿದೆ ಮೇಡಂ. ತುಂಬಾನೇ ಊದಿದೆ."

"ಯಾತಕ್ಕೆ?"

"ಉಣ್ಣೆ ಕಚ್ಚಿ ಬಂದಿರೋ ಜ್ವರ ಆದ್ರೆ ಮಾತ್ರೆಯಲ್ಲಿ ವಾಸಿಯಾಗುತ್ತೆ. ಗಡ್ಡೆ ಆಗಿದ್ರೆ ಕೊಯ್ದು ತೆಗೀಬೇಕು, ತೆಗೆದ ಮೇಲೂ ಏನಂತ ಹೇಳಕ್ಕಾಗಲ್ಲ. ಇನ್ನೊಂದಿದೆ..." ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಮರಳು ನೊಣದ ಕಾಯಿಲೆ. ಅದು ಮನುಷ್ಯರಿಗೂ ದಾಟೋದು. ಅದಾಗಿದ್ರೆ ಪುರಸಭೆಯವರು ನಾಯೀನ ಇಟ್ಕೊಳ್ಳೋಕೆ ಬಿಡಲ್ಲ. ರಕ್ತ ಟ್ಯೂನಿಸ್‌ಗೆ ಕಳಿಸ್ತೀನಿ. ಬರೋ ತನಕ ಯಾರ ಹತ್ರಾನೂ ಬಾಯಿ ಬಿಡಬೇಡಿ."

ಉಣ್ಣೆ ಜ್ವರವೆಂದೇ ನಂಬಿ ಮಾತ್ರೆ ಶುರು ಮಾಡೋಣ ಎಂದರು. ಕೊನೆಗೆ ಒಂದು ಎಚ್ಚರಿಕೆ ಕೊಟ್ಟರು: ಓಡಬಾರದು, ಜಿಗಿಯಬಾರದು, ಬೆಚ್ಚಬಾರದು. ಅಷ್ಟು ಊದಿದ ಗುಲ್ಮ ಒಂದು ಕುಲುಕಿಗೆ ಒಡೆದುಬಿಡಬಹುದು. ಕೊರಳ ಗಂಟುಗಳೂ ಊದಿದ್ದರಿಂದ ಹುಚ್ಚುನಾಯಿ ಲಸಿಕೆಯ ಕೆಂಪು ಪಟ್ಟಿಯನ್ನು ಅವರೇ ಬಿಚ್ಚಿ ನನ್ನ ಕೈಗೆ ಕೊಟ್ಟರು. ಆ ಪಟ್ಟಿ ಇದ್ದ ನಾಯಿಯನ್ನು ಬಂದೂಕಿನವರು ಮುಟ್ಟುವುದಿಲ್ಲ ಎಂಬುದು ಊರಿಗೇ ಗೊತ್ತು. ಆದರೆ ಠರಾವು ಇತ್ತಲ್ಲ, ಬಂದೂಕುಗಳು ಬೀಗದೊಳಗಿವೆ ಎಂದು ನಾನು ನಂಬಿದ್ದೆ. ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಪಾತ್ರೆ ಸದ್ದಾಗಲಿಲ್ಲ. ಕರೆಗಂಟೆಯ ತಂತಿ ಕಿತ್ತೆ. ಮೆಟ್ಟಿಲು ಇಳಿಸಿ ಹತ್ತಿಸುವಾಗ ಮಗುವಿನಂತೆ ಎತ್ತಿಕೊಂಡೆ. ನನ್ನ ಸೊಂಟದ ಗತಿ ನಿನಗೆ ಗೊತ್ತಿದೆ. ಪಕ್ಕದ ಮನೆಯ ಮನ್ನೂಬಿಯಾಳಿಗೆ ಬರೀ ಹೊಟ್ಟೆ ಕೆಟ್ಟಿದೆ ಎಂದಿದ್ದೆ. ಅವಳು ಲೂಝಾಳ ಪಕ್ಕೆ ಸವರಿ ನೋಡಿ ಮನೆಗೆ ಹೋದವಳು ಹಬ್ಬದ ಕುರಿಯ ಗುಲ್ಮಕ್ಕೆ ಬೆಳ್ಳುಳ್ಳಿ, ಪಾರ್ಸ್ಲಿ, ಅನ್ನ ತುಂಬಿ ಬೇಯಿಸಿ ತಂದಳು.

"ಹೊಟ್ಟೆಯಂತೆ ಹೊಟ್ಟೆ! ನಂಗೇ ಕಥೆ ಹೇಳ್ತೀಯಾ? ಇದು ಗುಲ್ಮ. ನಲವತ್ತು ವರ್ಷ ಕಸಾಯಿ ಗಂಡನ ಜೊತೆ ಬಾಳಿದೀನಿ ಕಣೇ. ತಿನ್ನಿಸು, ಕುರಿದು ಒಳಗೆ ಹೋದ್ರೆ ಇವಳದ್ದು ಇಳಿಯುತ್ತೆ."

"ಅಕ್ಕಾ, ಬೆಳ್ಳುಳ್ಳಿ ನಾಯಿಗೆ ವಿಷ."

"ಹಾಗಾದ್ರೆ ನೀನು ತಿನ್ನು. ನಿಂದೂ ಊದಿದೆ ಚಿಂತೇಲಿ."

ತಿಂದೆ. ಅವತ್ತು ನನ್ನ ಹೊಟ್ಟೆಗೆ ಬಿದ್ದ ಊಟ ಅದೊಂದೇ. ಅವಳ ಅಳಿಯ ಮಾತ್ರ ಬಾಗಿಲಲ್ಲೇ ನಿಂತು, ನಾಯಿ ಮುಟ್ಟಿದ ಕೈ ಏಳು ಸಲ ತೊಳೆಯಬೇಕು ಎಂದು ಟೀವಿಯಲ್ಲಿ ಕೇಳಿದ್ದನ್ನು ಒಪ್ಪಿಸಿದ. ಬದುಕಿರುವ ಯಾವ ಪ್ರಾಣಿಯೂ ಅಶುದ್ಧವಲ್ಲ ಎಂದು ನಮ್ಮ ಮಾಲಿಕಿ ಪಂಥದ ಧರ್ಮಪಂಡಿತರು ಸಾವಿರ ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ, ಪುಸ್ತಕ ಕೊಡಲೇ ಎಂದು ಕೇಳಿದೆ. ಬೇಡವೆಂದ.

ಎರಡನೆಯ ವಾರ ಒಸಡಿಗೆ ಸ್ವಲ್ಪ ಬಣ್ಣ ಬಂತು. ಬುಧವಾರ ಸಂಜೆ ಅರ್ಧ ಬಟ್ಟಲು ಗಂಜಿ ನೆಕ್ಕಿದಳು. ಡಾಕ್ಟರ್ ಫೋನಿನಲ್ಲಿ, "ನಾಳೆ ಮಧ್ಯಾಹ್ನ ಫಲಿತಾಂಶ ಬರುತ್ತೆ ಮೇಡಂ, ನಂಗ್ಯಾಕೋ ಒಳ್ಳೇದೇ ಅನ್ಸುತ್ತೆ" ಎಂದರು.

ಗುರುವಾರ ಬೆಳಗ್ಗೆ ಅವಳನ್ನು ಎತ್ತಿಕೊಂಡು ಇಳಿದು, ಹಿಪ್ಪುನೇರಳೆ ಮರದ ಬುಡದಲ್ಲಿ ಮೂತ್ರಕ್ಕೆ ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ನಿಂತೆ. ಹೆಣ್ಣುನಾಯಿ, ಯಾರಾದರೂ ಹತ್ತಿರ ನಿಂತರೆ ಅವಳಿಗೆ ನಾಚಿಕೆ. ವ್ಯಾನು ದೀಪ ಆರಿಸಿಕೊಂಡು ಓಣಿಗೆ ತಿರುಗಿತು. ನಾನು ಕೂಗುವಷ್ಟರಲ್ಲಿ ಗುಂಡು ಮರದ ಪಕ್ಕದ ಗೋಡೆಗೆ ಬಡಿದು ಸುಣ್ಣ ಹಾರಿತು. ಲೂಝಾ ಒಂದು ಗೇಣು ಮೇಲಕ್ಕೆ ಹಾರಿ, ನನ್ನನ್ನು ದಾಟಿ, ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತಿದಳು. ಎರಡು ವಾರ ನಾನು ಎತ್ತಿಕೊಂಡೇ ಹತ್ತಿಸಿದ್ದ ಮೆಟ್ಟಿಲುಗಳು.

ಬಂದೂಕು ಹಿಡಿದಿದ್ದವನು ತೈಯೆಬ್. ನನ್ನ ತರಗತಿಯಲ್ಲಿ ಕೊನೆಯ ಬೆಂಚು.

"ಅಯ್ಯೋ ಟೀಚರ್, ನೀವಾ? ಕೊರಳಲ್ಲಿ ಪಟ್ಟಿ ಇರ್ಲಿಲ್ಲ ಟೀಚರ್, ನಾನೇನ್ ಮಾಡ್ಲಿ! ತಾಗಿಲ್ಲ, ನೋಡಿ, ಒಂದು ಹನಿ ರಕ್ತ ಇಲ್ಲ."

ನಿಜ. ಹೊರಗೆ ಒಂದು ಹನಿಯೂ ಇರಲಿಲ್ಲ. ಮೇಲೆ ಹೋದಾಗ ಅವಳು ಅಡುಗೆಮನೆಯ ಅದೇ ಜಾಗದಲ್ಲಿ ಮಲಗಿದ್ದಳು. ಬಾಲ ಒಮ್ಮೆ ನೆಲಕ್ಕೆ ಬಡಿಯಿತು. ಒಸಡು ನೋಡಿದೆ, ಕಾಗದದಂತೆ ಬೆಳ್ಳಗಾಗಿತ್ತು. ಡಾಕ್ಟರ್ ಬರುವ ಮೊದಲೇ ಎಲ್ಲ ಮುಗಿಯಿತು. ಗುಲ್ಮ ಒಡೆದಿತ್ತು, ಹೊಟ್ಟೆ ತುಂಬ ರಕ್ತ. ಮಧ್ಯಾಹ್ನ ಟ್ಯೂನಿಸ್‌ನಿಂದ ಫಲಿತಾಂಶ ಬಂತು. ಉಣ್ಣೆ ಜ್ವರ. ಮನುಷ್ಯರಿಗೆ ದಾಟುವ ಕಾಯಿಲೆ ಇಲ್ಲ. ಇನ್ನೆರಡು ವಾರ ಮಾತ್ರೆ ಮುಂದುವರಿಸಿ ಎಂದಿತ್ತು.

ಎರಡು ದಿನ ಕಳೆದು ನಿಮ್ಮ ಪುರಸಭೆಯ ಫೇಸ್‌ಬುಕ್ ಪುಟದಲ್ಲಿ ಪ್ರಕಟಣೆ: 'ಕಾರ್ಯಾಚರಣೆಯಲ್ಲಿ ಯಾವ ಸಾಕುಪ್ರಾಣಿಗೂ ಹಾನಿಯಾಗಿಲ್ಲ. ತೂತ್ ಓಣಿಯ ನಾಯಿ ಮೊದಲೇ ಇದ್ದ ಕಾಯಿಲೆಯಿಂದ ಸತ್ತಿದೆ.' ಕೆಳಗೆ ನೂರಾರು ಮೆಚ್ಚುಗೆ. ಇದು ನಿನ್ನ ವಾಕ್ಯವಲ್ಲ ಎಂದು ನನಗೆ ಗೊತ್ತು. ನಿನ್ನ ವಾಕ್ಯಗಳನ್ನು ತಿದ್ದಿ ಬೆಳೆಸಿದವಳು ನಾನು. ಆದರೆ ಅದನ್ನು ಅಳಿಸಿ ಎಂದು ನೀನು ಹೇಳಲೂ ಇಲ್ಲ.

ಸಾವಿರದ ಒಂಬೈನೂರ ಎಪ್ಪತ್ತರಲ್ಲಿ ಪುರಸಭೆಯವರು ವಿಷ ಹಾಕಿದ ಮಾಂಸ ತಿಂದು ನಮ್ಮ ನಾಯಿ ಸರ್ಹಾನ್ ಅಂಗಳದಲ್ಲಿ ಒದ್ದಾಡಿದ್ದು ನಿನಗೆ ನೆನಪಿದೆಯೇ? ಹನ್ನೊಂದು ವರ್ಷದ ನೀನು ಅಂದಿನ ಪುರಸಭಾಧ್ಯಕ್ಷರ ಮನೆಯ ಗೇಟಿನ ಮುಂದೆ ನಿಂತು ವಿಷ ಹಾಕಿದ್ದು ಯಾರು ಎಂದು ಕಿರುಚಿದೆ. ಅಪ್ಪ ನಿನ್ನನ್ನು ಎಳೆದುಕೊಂಡು ಬಂದು ಹೊಡೆದರು. ಒಳಗಿನಿಂದ ಯಾರೂ ಉತ್ತರ ಕೊಡಲಿಲ್ಲ. ಆ ಊರೇ ಈಗ ಮತ ಹಾಕಿ ಆರಿಸಿದ ಪುರಸಭೆಯನ್ನು ಪಡೆದಿದೆ, ಇನ್ನು ಉತ್ತರ ಸಿಗುತ್ತದೆ ಎಂದು ನಾನು ಓಣಿ ಓಣಿ ಸುತ್ತಿ ನಿನಗೆ ಮತ ಕೇಳಿದ್ದೆ.

ನಿನ್ನ ಆರೋಗ್ಯ ನೋಡಿಕೋ. ಮಂಡಿಗೆ ಬಿಸಿ ಎಣ್ಣೆ ಹಚ್ಚು. ನಿನ್ನ ಮಕ್ಕಳು ಮೊಮ್ಮಕ್ಕಳ ಮೇಲೆ ದೇವರ ನೆರಳಿರಲಿ. ಅಮ್ಮ ಇದ್ದಿದ್ದರೆ ನಿನ್ನ ಹಣೆಗೆ ಮುತ್ತಿಡುತ್ತಿದ್ದಳು. ಅವಳ ಪರವಾಗಿ ಆ ಮುತ್ತು ಇದರೊಳಗಿದೆ.

ನಿನ್ನ ಅಕ್ಕ,
ದರ್ಸಾಫ್

ತಾ.ಕ.: ಮೇಲೆ ಬರೆಯಲು ಕೈ ಏಳದ ಮಾತೊಂದು ಉಳಿದಿದೆ. ಮೊನ್ನೆ ತೈಯೆಬ್ ಮನೆಗೆ ಬಂದಿದ್ದ. ಚಹಾ ಮುಟ್ಟಲಿಲ್ಲ. "ಆ ವಾರ ನಿಮ್ಮ ಓಣಿ ನಮ್ಮ ಸರದಿಯಲ್ಲೇ ಇರ್ಲಿಲ್ಲ ಟೀಚರ್. ಅಲ್ಲೊಂದು ಹೊಟ್ಟೆ ಊದಿದ ನಾಯಿ ಇದೆ, ಮರಳು ನೊಣದ ರೋಗದ್ದು, ಮಕ್ಕಳು ಓಡಾಡೋ ಜಾಗ, ಮೊದಲು ಅದನ್ನ ಮುಗಿಸಿ ಅಂತ ಆಫೀಸಿಂದ ಹೇಳಿದ್ರು" ಎಂದ. ಯಾರೆಂದು ಕೇಳಿದರೆ ಎದ್ದು ಚಪ್ಪಲಿ ಮೆಟ್ಟಿಕೊಂಡ.

ಡಾಕ್ಟರಿಗೆ ಕೊಟ್ಟ ಮಾತು ಮುರಿದು ಆ ರೋಗದ ಹೆಸರನ್ನು ನಾನು ಹೇಳಿದ್ದು ಒಬ್ಬನಿಗೆ. ಅಳು ತಡೆಯಲಾರದೆ ಫೋನು ಮಾಡಿ, "ಲಸ್ಸಾದ್, ಏನ್ ಮಾಡ್ಲೋ?" ಎಂದು ನಿನಗೆ. "ಎಯಾ ನಿಮ್ಮನೇಲಿ ಅವಳ ಜೊತೆನೇ ಹೊರಳಾಡ್ತಾಳಲ್ಲ ಅಕ್ಕಾ" ಎಂದು ನೀನು ಸುಮ್ಮನಾದೆ. ಆ ಮೌನ ಮೊಮ್ಮಗಳಿಗೆ ಏನಾಗುವುದೋ ಎಂಬ ಭಯ ಎಂದು ನನಗೂ ಗೊತ್ತಿತ್ತು. ನಾಯಿಯನ್ನು ಕಟ್ಟಿಹಾಕು ಎಂದಿದ್ದರೆ ಕಟ್ಟುತ್ತಿದ್ದೆ. ಮಗುವನ್ನು ಕಳಿಸುವುದಿಲ್ಲ ಎಂದಿದ್ದರೆ ಒಪ್ಪುತ್ತಿದ್ದೆ.

ಬರುವ ಗುರುವಾರದ ಸಾರ್ವಜನಿಕ ಸಭೆಗೆ ಬರುತ್ತೇನೆ, ಪ್ರಶ್ನೆ ಕೇಳಲು ಹೆಸರು ಬರೆಸಿದ್ದೇನೆ. ಅಕ್ಕ ಎಂದು ವೇದಿಕೆ ಇಳಿದು ಬಂದು ನನ್ನನ್ನು ಪಕ್ಕದ ಕೋಣೆಗೆ ಕರೆಯಬೇಡ. ನಿನ್ನ ಕುರ್ಚಿಯಲ್ಲೇ ಕೂತು, ಊರಿಗೆಲ್ಲ ಕೇಳುವಂತೆ ಮೈಕಿನಲ್ಲಿ ಹೇಳು: ಠರಾವು ಮುರಿದು, ಫಲಿತಾಂಶಕ್ಕೆ ಅರ್ಧ ದಿನವೂ ಕಾಯದೆ, ಆ ವ್ಯಾನನ್ನು ನಮ್ಮ ಓಣಿಗೆ ಕಳಿಸಿದ್ದು ಯಾರು?