ಕೆಂಪಾಗದ ಕೈ

ಅಕ್ಕಾ,

ನೆಗಡಿ ಬಿಟ್ಟರೆ ಗಟ್ಟಿಯಾಗಿದ್ದೇನೆ. ನರ್ಸ್ ತರಬೇತಿಯಲ್ಲಿ ಇವತ್ತೊಂದು ವಿಚಿತ್ರ ನೋಡಿದೆ. ಗಾಜಿನ ಕೆಲಸದವನೊಬ್ಬನಿಗೆ ಹಿಂದೆಂದೋ ನರ ಕತ್ತರಿಸಿಹೋಗಿ ಎಡಗೈಯಲ್ಲಿ ಸ್ಪರ್ಶವೇ ಇಲ್ಲ. ಚರ್ಮದ ಡಾಕ್ಟರಮ್ಮ ಅವನ ಎರಡೂ ಕೈಗೆ ತುರಿಕೆ ಬರಿಸುವ ಔಷಧದ ಹನಿ ಹಾಕಿ ಸೂಜಿ ಚುಚ್ಚಿದರು. ಬಲಗೈಯಲ್ಲಿ ಗುಳ್ಳೆ ಎದ್ದು ಸುತ್ತಲೂ ಕೆಂಪು ಹರಡಿತು. ಎಡಗೈಯಲ್ಲಿ ಬರೀ ಗುಳ್ಳೆ, ಕೆಂಪೇ ಇಲ್ಲ!

"ನರ ಮಿದುಳಿಗೆ ಸುದ್ದಿ ಮುಟ್ಟಿಸಿ ಸುಮ್ನಿರಲ್ಲಮ್ಮ. ನ್ಯೂರೋಪೆಪ್ಟೈಡ್ ಅನ್ನೋ ರಾಸಾಯನಿಕ ಬಿಟ್ಟು, ಅಲ್ಲೇ ಇರೋ ಕಾವಲು ಕಣಗಳಿಗೂ ಚಾಡಿ ಹೇಳುತ್ತೆ. ಅವು ಎದ್ದು ರಂಪ ಮಾಡ್ತವೆ. ಈ ಎಡಗೈಲಿ ಚಾಡಿ ಹೇಳೋರೇ ಇಲ್ಲ," ಎಂದರು.

ನಿಮ್ಮತ್ತೆ ಗದರಿದಾಗಲೆಲ್ಲ ನಿನಗೆ ದದ್ದು ಏಳುತ್ತದೆ, ಭಾವ ಅದನ್ನು ನಾಟಕ ಅನ್ನುತ್ತಾರೆ. ಅದನ್ನೂ ಕೇಳಿಯೇಬಿಟ್ಟೆ.

"ಮನಸ್ಸು ಕದಡಿದ್ರೂ ನರ ಚಾಡಿ ಹೇಳಬಹುದು. ದದ್ದು ಮಾತ್ರ ನಿಜವಾದ ದದ್ದೇ, ನಾಟಕ ಅಲ್ಲ," ಎಂದರು.

ಮುಲಾಮು ನಿಲ್ಲಿಸಬೇಡ. ಲಕೋಟೆ ಪೆಟ್ಟಿಗೆಯಲ್ಲೇ ಇತ್ತು, ಆದರೂ ಬೇಕೆಂದೇ ಕಾರ್ಡಿನಲ್ಲಿ ಬರೆದೆ. ನಿಮ್ಮ ಮನೆಯಲ್ಲಿ ಕಾರ್ಡು ನಿನ್ನ ಕೈಗೆ ಬರುವಷ್ಟರಲ್ಲಿ ಎಲ್ಲರೂ ಓದಿ ಮುಗಿಸಿರುತ್ತಾರಲ್ಲ, ಓದಲಿ.

ಜಾಗ ಮುಗಿಯಿತು.
ನಿನ್ನ ತಂಗಿ