ಮೊದಲು ಗಿಟಾರ್, ಆಮೇಲೆ ಅಕ್ಕ

ಮಾರ್ಚ್ 2, ಭಾನುವಾರ

ಡ್ರಮ್ ರೆಕಾರ್ಡಿಂಗ್ ಶುರು. ನಮ್ಮ ಮೊದಲ ಆಲ್ಬಮ್, ಆರು ಹಾಡು. ಪ್ರೊಗ್ರೆಸಿವ್ ಮೆಟಲ್ ಎಂದರೆ ಅಮ್ಮನಿಗೆ ಇವತ್ತಿಗೂ ಪಾತ್ರೆ ಬಿದ್ದ ಸದ್ದು. ಮೊದಲು ಹಿಡಿದದ್ದು ಮೂರನೇ ಹಾಡು, ಅದೇ ಕಷ್ಟದ್ದು. ತಾಳದ ಲೆಕ್ಕ ಏಳರಿಂದ ಹನ್ನೊಂದಕ್ಕೆ ಹಾರುವಲ್ಲಿ ಮರಕುಟಿಗ — ನಮ್ಮ ಡ್ರಮ್ಮರ್ — ಎಡವಿದ. ಸ್ಟೂಲ್ ಸರಿಯಿಲ್ಲವಂತೆ. ಕುಣಿಯಲಾರದವನಿಗೆ ನೆಲ ಡೊಂಕು! ನಮ್ಮ ಬ್ಯಾಂಡಿಗೆ ಹಾಡುವವಳು ಅಕ್ಕ; ಅವನೆದುರು ನಿಂತು, ಕೈಯಲ್ಲಿ ಲೆಕ್ಕ ಹಾಕುತ್ತ, ಪೂರ್ತಿ ಗಂಟಲಲ್ಲಿ ಹಾಡಿದಳು. ಒಂದೇ ಟೇಕಿಗೆ ಆಯಿತು. ಗಣಿತದ ಟೀಚರ್ ಅಲ್ಲವೇ. ಆದರೆ ಅವಳ ದನಿ ಡ್ರಮ್ ಮೈಕುಗಳಿಗೆಲ್ಲ ಬಿದ್ದಿದೆ. ರೇಗಿತು.

"ಇದು ಬರೀ ಅವನಿಗೆ ದಾರಿ ತೋರ್ಸೋಕೆ ಅಕ್ಕಾ. ನಿನ್ನ ನಿಜವಾದ ಹಾಡು ಕೊನೆಗೆ. ಆಚೆ ರೂಮಿಗೆ ಹೋಗಿ ಮೆಲ್ಲಗೆ ಗುನುಗು."

"ಆಯ್ತು ಮಹಾರಾಯ."

ಮಿಕ್ಕ ಐದು ಹಾಡಿಗೂ ಆಚೆಯೇ ಕೂತು ಗುನುಗಿದಳು.

ಮಾರ್ಚ್ 14

ಅಕ್ಕನ ಗಂಟಲಲ್ಲಿ ಗಂಟು. ಒಳ್ಳೆಯದಲ್ಲವಂತೆ. ಬಟ್ಟೆ ಮಡಚುತ್ತಲೇ ಹೇಳಿದಳು. ಏಪ್ರಿಲ್ ಹತ್ತಕ್ಕೆ ಆಪರೇಷನ್.

"ದನಿ?"

"ಉಳಿದ್ರೆ ಉಳೀತು. ಈ ಸಲ ನಂದು ಮೊದಲು ಮುಗಿಸಿಬಿಡೋಣ ಕಣೋ."

ಗಿಟಾರ್ ಕೂರದೆ ಹಾಡು ಎಲ್ಲಿ ಕೂರಿಸುವುದು? ಗೋಡೆ ಎಬ್ಬಿಸದೆ ಸುಣ್ಣ ಬಳಿದ ಹಾಗೆ. ಹತ್ತೇ ದಿನ ಕೊಡು ಎಂದೆ. ಕೊಟ್ಟಳು.

ಮಾರ್ಚ್ 19

ಐದನೇ ಹಾಡಿನಲ್ಲಿ ನನ್ನ ಗಿಟಾರ್ ಸೋಲೋ. ನಲವತ್ತೊಂದು ಟೇಕ್.

"ಹದಿನೇಳನೇದೇ ಚೆನ್ನಾಗಿತ್ತಪ್ಪಾ," ಎಂದ ಸ್ಟುಡಿಯೋ ಎಂಜಿನಿಯರ್. ಅವನಿಗೇನು ಗೊತ್ತು.

ಡಿಸ್ಕ್ ತುಂಬಿತು. ಅಕ್ಕ ಗುನುಗಿದ ಟ್ರ್ಯಾಕ್‌ಗಳನ್ನು ಅಳಿಸಿದೆವು. ಡ್ರಮ್ ಮುಗಿದ ಮೇಲೆ ಎಲ್ಲರೂ ಅಳಿಸುವುದೇ.

ಮಾರ್ಚ್ 25

ಅಕ್ಕ ಸ್ಕೂಲಿಂದ ನೇರ ಬಂದಳು. ಸೋಫಾದಲ್ಲಿ ಕೂತು ಟೆಸ್ಟ್ ಪೇಪರ್ ತಿದ್ದಿದಳು. ದನಿ ಒಡೆದಿದೆ.

"ಇವತ್ತು ನಾನಾ?"

"ಇನ್ನೊಂದೇ ಗಿಟಾರ್ ಇದೆ. ಶನಿವಾರ ಪಕ್ಕಾ."

ಮರಕುಟಿಗ ನನ್ನ ಮುಖ ನೋಡಲಿಲ್ಲ.

ಮಾರ್ಚ್ 29, ಶನಿವಾರ

ಮೈಕಿನ ಮುಂದೆ ನಿಂತಳು. ಬಾಯಿ ತೆರೆದಳು. ಬರೀ ಗಾಳಿ. ನೀರು ಕುಡಿದು ಮತ್ತೆ ತೆರೆದಳು. ಗಾಳಿ...

ಹಾಡಿನ ಹಾಳೆಯ ಹಿಂದೆ ಬರೆದಳು: ಬೆಳಿಗ್ಗೆಯಿಂದ ಹೀಗೇ. ನಿಂಗೆ ಹೇಳೋಕೆ ಭಯ ಆಯ್ತು.

ಮಾರ್ಚ್ 31

ಇನ್ನು ಕಾಯುವ ಹಾಗಿಲ್ಲ ಎಂದರು ಡಾಕ್ಟರ್. ನಾಳೆಯೇ. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯುತ್ತಾರೆ.

ಏಪ್ರಿಲ್ 20

ಅಕ್ಕ ಮನೆಗೆ ಬಂದಿದ್ದಾಳೆ. ಕತ್ತಿನಲ್ಲಿ ತೂತು. ಕೈಯಲ್ಲಿ ಸ್ಲೇಟು.

ಫೋನಿನ ರಿಹರ್ಸಲ್ ವಿಡಿಯೋ ಎಲ್ಲ ನೋಡಿದೆ. ನನ್ನ ಗಿಟಾರಿನ ಗದ್ದಲದಲ್ಲಿ ಅವಳ ತುಟಿ ಮಾತ್ರ ಆಡುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮಧ್ಯಾಹ್ನ ಮರಕುಟಿಗ ಫೋನ್ ಮಾಡಿದ. "ಮೂರನೇ ಹಾಡು ಕಣೋ. ಮೊದಲ್ನೇ ದಿನ. ನನ್ನ ಮೈಕು!"

ಸ್ಟುಡಿಯೋಗೆ ಓಡಿದೆವು. ಅವಳ ದನಿ ಅಡಗಿಸಲು ನಾನೇ ಹಾಕಿಸಿದ್ದ ಫಿಲ್ಟರುಗಳನ್ನೆಲ್ಲ ಎಂಜಿನಿಯರ್ ತೆಗೆದ. ಸಿಂಬಲ್ ತಟ್ಟೆಗಳ ಸದ್ದಿನ ಹಿಂದೆ — ಅಕ್ಕ. ಪೂರ್ತಿ ಗಂಟಲು. ಮೂವರೂ ಅತ್ತೆವು.

"ಡ್ರಮ್ಮಿಂದ ಬೇರೆ ಮಾಡೋಕಾಗತ್ತಾ?"

"ಹಾಲಿಗೆ ಬಿದ್ದ ನೀರಪ್ಪಾ. ಆಗಲ್ಲ."

ಗಿಟಾರ್ ಸೇರಿಸಿದರೆ ಅವಳು ಮುಚ್ಚಿಹೋಗುತ್ತಾಳೆ. ನನ್ನ ಗಿಟಾರ್ ಪೂರ್ತಿ ತೆಗೆಸಿದೆ. ಮಿಕ್ಕ ಐದರಲ್ಲಿ ಅವಳಿಲ್ಲ. ಆಚೆ ಕಳಿಸಿದವನು ನಾನೇ.

ಏಪ್ರಿಲ್ 22, ಬೆಳಿಗ್ಗೆ

ಅಕ್ಕನಿಗೆ ಕೇಳಿಸಿದೆ. ಮಂಚದ ಅಂಚಿಗೆ ಬೆರಳು ಬಡಿದು ಲೆಕ್ಕ ಹಾಕಿದಳು. ಹಾಡು ಮುಗಿಯಿತು. ಅವತ್ತು ಮೈಕ್ ಆರಿಸಿರಲಿಲ್ಲ. ನಾನು ರೇಗಿದ್ದೂ ಇದೆ. ಅವಳ "ಆಯ್ತು ಮಹಾರಾಯ"ವೂ ಇದೆ.

ಕೊನೆಯದನ್ನು ಕತ್ತರಿಸುತ್ತೇನೆ ಎಂದೆ. ಸ್ಲೇಟು ಎತ್ತಿಕೊಂಡಳು: ಬೇಡ. ನಾನು ಮಾತಾಡಿರೋದು ಅಲ್ಲೇ.

ಮತ್ತೆ ಹಾಕು ಎಂದು ಬೆರಳು ತಿರುಗಿಸಿದಳು. ಇದು ಬರೆಯುವಾಗ ಮೂರನೇ ಸಲ ಓಡುತ್ತಿದೆ. ಏಳು ಮುಗಿಯಿತು. ಹನ್ನೊಂದೂ ಮುಗಿಯಿತು. ಸಿಂಬಲ್ ಸದ್ದು ಅಡಗಿತು. ಈಗ ರೆಕಾರ್ಡಿಂಗಿನಲ್ಲಿ ನಾನು ಬಾಯಿ ತೆಗೆಯುತ್ತೇನೆ —