ಇಲ್ಲದ ತೋಳ ಕಚ್ಚಿದ ಗಾಯ

ವನ್ಯಜೀವಿ ಇಲಾಖೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಅಳಿದುಹೋಗಿದೆ ಎಂದು ತಾವು ಸಾರಿರುವ ಪ್ರಾಣಿಯೊಂದು ನನ್ನ ಭಾವನ ಹೆಗಲನ್ನು ಮೂಳೆ ಕಾಣುವ ಹಾಗೆ ಸೀಳಿದೆ. ಆ ತಪ್ಪಿಗೆ ನನ್ನ ನಾಯಿಯನ್ನು ಕೊಲ್ಲಬೇಕೆಂದು ತಾವು ಆದೇಶ ಹೊರಡಿಸಿದ್ದೀರಿ. ಬರುವ ವಾರ ಅದೇ ಸುರಂಗದೊಳಕ್ಕೆ ಶಾಲಾಮಕ್ಕಳ ಪ್ರವಾಸವನ್ನು ಖುದ್ದು ರಿಬ್ಬನ್ ಕತ್ತರಿಸಿ ಉದ್ಘಾಟಿಸಲಿದ್ದೀರಿ. ಈ ಮೂರು ಸಂಗತಿಗಳು ತಮ್ಮ ಮೇಜಿನ ಮೇಲೆ ಒಂದನ್ನೊಂದು ತಾಗದೆ ಹೇಗೆ ನೆಮ್ಮದಿಯಾಗಿ ಕೂತಿವೆಯೋ ನನಗೆ ತಿಳಿಯದು. ಅರ್ಜಿ ಕೊಟ್ಟೆ, ಉತ್ತರ ಬರಲಿಲ್ಲ. ಊರೇ ಓದಲಿ ಎಂದು ಈಗ ಪತ್ರಿಕೆಗೆ ಬರೆಯುತ್ತಿದ್ದೇನೆ.

ಕಾವಲುನಾಯಿಗಳನ್ನು ಪಳಗಿಸುವುದು ನನ್ನ ಕಸುಬು. ನಾಯಿಗಳ ಬೊಗಳಿಕೆಯೇ ನನ್ನ ಹೊಟ್ಟೆಪಾಡು. ಹಳೆಯ ತಾಮ್ರದ ಗಣಿಯ ಗುಡ್ಡದ ಬುಡದಲ್ಲಿ, ಟೈರ್ ಅಂಗಡಿಯ ಹಿಂದೆ ನನ್ನ ಶೆಡ್ಡು ಇದೆ. ಮುಚ್ಚಿದ್ದ ಆ ಗಣಿಯನ್ನು ಪ್ರವಾಸಿ ತಾಣ ಮಾಡುತ್ತೇವೆಂದು ಒಂದು ಕಂಪನಿ ಬಂದಾಗ ನನ್ನ ಅಕ್ಕನ ಗಂಡ ಅಲ್ಲಿ ಕಾವಲಿನ ಕೆಲಸಕ್ಕೆ ಸೇರಿದರು. ಅವರನ್ನು ಊರಿನವರು ಕರೆಯುವುದು ರೇಡಿಯೋ ಎಂದು. ಬಾಯಿ ತೆರೆದರೆ ಮುಚ್ಚುವವರಲ್ಲ. "ಬೇರೆ ರೇಡಿಯೋಗಾದರೆ ಬಂದ್ ಮಾಡೋಕೆ ಒಂದು ಬಟನ್ ಇರುತ್ತೆ, ನನಗೆ ಸಿಕ್ಕಿರೋದಕ್ಕೆ ಅದೂ ಇಲ್ಲ" ಎಂದು ಅಕ್ಕ ನಗುತ್ತಿದ್ದಳು. ಅವರ ಜೊತೆಗೆ ನನ್ನ ಎರಡು ನಾಯಿಗಳನ್ನು ಕಳಿಸಿದ್ದೆ. ಒಂದು ಕರಿಯ. ಇನ್ನೊಂದು ವಯಸ್ಸಾದ, ಗತ್ತಿನ ಹೆಣ್ಣುನಾಯಿ; ಅದರ ನಡಿಗೆ ನೋಡಿ ಭಾವನೇ ಅದಕ್ಕೆ ದೊಡ್ಡಮ್ಮ ಎಂದು ಹೆಸರಿಟ್ಟಿದ್ದರು.

ಆ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಕೆಳಗಿನ ಸುರಂಗದಿಂದ ಕಬ್ಬಿಣ ಎಳೆದಾಡಿದಂಥ ಸದ್ದು ಬಂತೆಂದು ಗೇಟಿನಲ್ಲಿದ್ದ ಕೆಲಸದವರು ಹೇಳಿದರು. ಹಳೆಯ ಹಳಿ ಕದಿಯಲು ಯಾರೋ ನುಗ್ಗಿರಬೇಕೆಂದು ಭಾವ ಟಾರ್ಚು ಹಿಡಿದು ಎರಡೂ ನಾಯಿಗಳ ಜೊತೆ ಒಳಗೆ ಹೋದರು. ಮೊದಲು ಹೊರಗೆ ಬಂದದ್ದು ಕರಿಯ. ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಗೇಟಿನ ಬಳಿ ಕೂತಲ್ಲೇ ಉಚ್ಚೆ ಹೊಯ್ದುಕೊಂಡ. ಕಳ್ಳನ ಚಾಕುವಿಗೂ ಹಿಂಜರಿಯದ ನಾಯಿ ಅದು. ಆಮೇಲೆ ಭಾವ ತೆವಳಿಕೊಂಡು ಬಂದರು. ದೊಡ್ಡಮ್ಮ ಬರಲೇ ಇಲ್ಲ.

ಆಸ್ಪತ್ರೆಗೆ ಬಂದ ತಮ್ಮ ಇನ್‌ಸ್ಪೆಕ್ಟರ್ ಗಾಯ ನೋಡುವ ಮೊದಲೇ ಪೆನ್ನು ತೆಗೆದಿದ್ದರು.

"ನಾಯಿ ಕಚ್ಚಿದೆ," ಎಂದರು.

"ಸಾರ್, ಹಲ್ಲಿನ ಅಗಲ ನೋಡಿ. ನಾಯಿ ಬಾಯಿ ಇಷ್ಟಗಲ ತೆರೆಯುತ್ತಾ?" ಎಂದೆ.

"ಹಾಗಾದ್ರೆ ಏನು ಕಚ್ಚಿದೆ ಅಂತ ಬರೀಲಿ, ನೀವೇ ಹೇಳಿ."

"ಬಂಡೆತೋಳ ಇರಬಹುದು."

ಅವರು ನಕ್ಕರು. ಕೆಟ್ಟ ಮನುಷ್ಯರೇನಲ್ಲ, ಪಾಪ, ಸುಸ್ತಾಗಿದ್ದರು. "ಅಮ್ಮಾ, ಆ ಪ್ರಾಣಿ ಇಲ್ಲ ಅಂತ ಸರ್ಕಾರವೇ ಹೇಳಿದೆ. ಇಲ್ಲದ್ದು ಹೇಗೆ ಕಚ್ಚುತ್ತೆ? ನಾನು ಹಾಗೆ ಬರೆದರೆ ನನ್ನ ಕೆಲಸವೂ ಇರಲ್ಲ."

ನಿಜ ಹೇಳಬೇಕೆಂದರೆ, ಮಾನ್ಯರೇ, ಬಂಡೆತೋಳವನ್ನು ನಾನು ಜೀವಂತ ನೋಡಿದವಳಲ್ಲ. ಕಂಡದ್ದು ತಮ್ಮ ಕಚೇರಿಯ ಪಡಸಾಲೆಯಲ್ಲಿ, ಗಾಜಿನ ಬೀರುವಿನೊಳಗೆ. ಅರ್ಜಿ ಹಿಡಿದು ಬಂದ ದಿನ ಅದರ ಎದುರಿನ ಬೆಂಚಿನ ಮೇಲೆಯೇ ನನ್ನನ್ನು ಕೂರಿಸಿದ್ದರು. ಒಳಗೆ ಹುಲ್ಲು ತುಂಬಿದ್ದಾರೆ, ಒಂದು ಗಾಜಿನ ಕಣ್ಣು ಓರೆಯಾಗಿದೆ. ಆದರೂ ಎತ್ತರದ ಮುಂಗಾಲು, ಕರುವಿನಷ್ಟು ಮೈ, ಉದ್ದನೆಯ ದವಡೆ ನೋಡುತ್ತ ನೋಡುತ್ತ ಗಾಜಿನ ಮೇಲೆ ಗೇಣು ಹಾಕಿ ಆ ದವಡೆಯನ್ನು ಅಳೆದೆ. ಭಾವನ ಹೆಗಲಿನ ಬ್ಯಾಂಡೇಜನ್ನು ಅಂದು ಬೆಳಗ್ಗೆಯಷ್ಟೇ ಬದಲಾಯಿಸಿದ್ದೆ. ಆದರೂ ಕಚ್ಚಿದ್ದು ಅದೇ ಎಂದು ಆಣೆ ಮಾಡಲಾರೆ. ಬೇರೆ ಯಾವುದೋ ದೊಡ್ಡ ಪ್ರಾಣಿ ಇದ್ದರೂ ಇದ್ದೀತು. ಅದೇನು ಮಕ್ಕಳನ್ನು ಮುದ್ದಾಡುತ್ತದೆಯೇ?

ತಮ್ಮ ವರದಿಯನ್ನು ನಾನು ಓದಿದ್ದೇನೆ. ಬಹಳ ವರ್ಷಗಳಿಂದ ಯಾರ ಕಣ್ಣಿಗೂ ಬಿದ್ದಿಲ್ಲ, ಆದ್ದರಿಂದ ಇಲ್ಲ ಎನ್ನುತ್ತದೆ ಅದು. ತಮ್ಮವರು ಕ್ಯಾಮೆರಾ ಕಟ್ಟಿದ್ದು ಗುಡ್ಡದ ಮೇಲೆ, ಜೀಪು ಹೋಗುವ ದಾರಿಯ ಪಕ್ಕದ ಮರಗಳಿಗೆ. ಗುಡ್ಡದ ಹೊಟ್ಟೆಯೊಳಗೆ ಒಂದರ ಕೆಳಗೊಂದರಂತೆ ಸುರಂಗಗಳಿವೆ. ನೀರಿದೆ, ಬಾವಲಿಗಳಿವೆ, ಬಿಸಿಲಿಗೆ ನೆರಳು ಹುಡುಕಿ ನುಗ್ಗಿ ಮರಳಿ ಬಾರದ ಆಡುಗಳಿವೆ. ಗಣಿ ಮುಚ್ಚಿದಂದಿನಿಂದ ಭಾವನ ಹೊರತು ಅಲ್ಲಿಗೆ ಮನುಷ್ಯ ಇಳಿದಿಲ್ಲ. ಮನುಷ್ಯನಿಗೆ ಅಂಜಿ ಬದುಕುವ ಪ್ರಾಣಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕೆ? ಕಾಣದಿದ್ದದ್ದನ್ನು ಇಲ್ಲ ಎನ್ನುವುದಾದರೆ, ತಮ್ಮನ್ನು ಕಾಣಲು ಮೂರು ಸಲ ಬಂದು ಬರಿಗೈಯಲ್ಲಿ ಮರಳಿದ ನಾನು ತಮ್ಮ ಬಗ್ಗೆ ಏನೆಂದು ತಿಳಿಯಬೇಕು?

ಅದು ಇದೆ ಎಂದಾದರೆ ಕಾನೂನಿನ ಪ್ರಕಾರ ಗುಡ್ಡವನ್ನು ಕಾಪಾಡಬೇಕಾಗುತ್ತದೆ. ಕಂಪನಿಗೆ ಕೊಟ್ಟ ಪರವಾನಗಿ ಬಿದ್ದುಹೋಗುತ್ತದೆ. ಅಳಿದುಹೋದ ಪ್ರಾಣಿಯಷ್ಟು ಸಭ್ಯ ಪ್ರಾಣಿ ಇನ್ನೊಂದಿಲ್ಲ ನೋಡಿ. ಜಾಗ ಕೇಳುವುದಿಲ್ಲ, ತಕರಾರು ತೆಗೆಯುವುದಿಲ್ಲ.

ನಾನು ಆಸ್ಪತ್ರೆಯಲ್ಲಿದ್ದಾಗ ತಮ್ಮ ವ್ಯಾನು ಶೆಡ್ಡಿಗೆ ಬಂತು. ಕರಿಯ ತಾನಾಗಿಯೇ ಪಂಜರ ಹತ್ತಿದನಂತೆ. ಸಮವಸ್ತ್ರದವರ ಮಾತು ಕೇಳಬೇಕೆಂದು ಕಲಿಸಿದವಳು ನಾನೇ ಅಲ್ಲವೇ?

ಇತ್ತ ಭಾವ ಸುರಂಗದಿಂದ ಹೊರಬಂದ ದಿನದಿಂದಲೇ ಮಾತು ನಿಲ್ಲಿಸಿದ್ದರು. ಡಾಕ್ಟರು ಗಂಟಲಿಗೇನೂ ಆಗಿಲ್ಲ ಎಂದರು. ಮನೆಯ ಮೌನ ತಡೆಯಲಾರದೆ ಅಕ್ಕ ಅಡುಗೆಮನೆಯಲ್ಲಿ ದಿನವಿಡೀ ನಿಜವಾದ ರೇಡಿಯೋ ಹಾಕಿಡುತ್ತಿದ್ದಳು. ಕಳೆದ ವಾರ ಅವರ ಮಗಳು ಶಾಲೆಯಿಂದ ಓಡಿ ಬಂದಳು. "ಅಪ್ಪಾ, ಗಣಿ ಒಳಗೆ ಹೋಗೋಕೆ ನಮ್ಮ ಕ್ಲಾಸೇ ಫಸ್ಟು! ತಲೆಗೆ ಲೈಟ್ ಇರೋ ಟೋಪಿನೂ ಕೊಡ್ತಾರಂತೆ!"

ಭಾವ ಅವಳ ಮಣಿಕಟ್ಟು ಹಿಡಿದರು. ಮಗು ಕಿರುಚುವಷ್ಟು ಬಿಗಿಯಾಗಿ.

"ಒಂದಲ್ಲ," ಎಂದರು. ಅದು ಅವರ ದನಿಯೇ ಎಂದು ನನಗೆ ಗೊತ್ತಾಗಲಿಲ್ಲ.

"ಏನು ಒಂದಲ್ಲ, ಭಾವ?"

"ನನ್ನನ್ನ ಹಿಡಿದಿದ್ದು ಎದುರಿಗಿತ್ತು. ತಿರುಗಿ ನೋಡ್ತೀನಿ, ಹಿಂದೆ ಇನ್ನೊಂದು ದಾರಿ ಕಟ್ಟಿ ನಿಂತಿದೆ. ದೊಡ್ಡಮ್ಮ ಅದರ ಮೇಲೆ ಬಿದ್ದಳು. ಆ ಸಂದಿಯಲ್ಲಿ ನಾನು ಬಂದೆ." ಮಗಳ ಕೈ ಬಿಟ್ಟರು. "ಒಳಗೆ ಮರಿಗಳು ಕುಂಯ್‌ಗುಡ್ತಾ ಇದ್ವು. ತುಂಬಾ ಮರಿಗಳು."

ಅಕ್ಕ ಎದ್ದು ಹೋಗಿ ರೇಡಿಯೋ ಆರಿಸಿದಳು.

ಆ ಪ್ರಾಣಿಯನ್ನು ಕೊಲ್ಲಿ ಎಂದು ನಾನು ಕೇಳುತ್ತಿಲ್ಲ. ಮರಿಗಳಿರುವ ತಾಯಿ ಏನು ಮಾಡಬೇಕೋ ಅದನ್ನೇ ಮಾಡಿದೆ; ನನ್ನಕ್ಕನಾದರೂ ಅದನ್ನೇ ಮಾಡುತ್ತಿದ್ದಳು. ಕರಿಯನನ್ನು ಬಿಡಿ. ಪ್ರವಾಸ ನಿಲ್ಲಿಸಿ. ಗುಡ್ಡದ ಒಳಗೇನಿದೆ ಎಂದು ತಿಳಿದವರಿಂದ, ಕಂಪನಿಯ ಸಂಬಳ ತಿನ್ನದವರಿಂದ ಹುಡುಕಿಸಿ. ಇದಾವುದೂ ಆಗದೆಂದರೆ ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸಿ ಪಕ್ಕಕ್ಕೆ ಸರಿಯಬೇಡಿ. ಮಕ್ಕಳನ್ನು ಬಿಸಿಲಿನಲ್ಲೇ ನಿಲ್ಲಿಸಿ, ತಾವೊಬ್ಬರೇ ಕೆಳಗಿನ ಸುರಂಗದ ಕೊನೆಯವರೆಗೆ ಹೋಗಿಬನ್ನಿ. ಅಕ್ಕನ ಮಗಳ ಕೈ ಹಿಡಿದು ನಾನು ಬಾಗಿಲಲ್ಲೇ ನಿಂತಿರುತ್ತೇನೆ. ಹೊರಗೆ ಬಂದು "ಏನೂ ಇಲ್ಲ" ಎಂದರೆ ಎಲ್ಲರೆದುರು ತಮ್ಮ ಕ್ಷಮೆ ಕೇಳುತ್ತೇನೆ. ಬರದಿದ್ದರೆ, ಒಳಗೆ ಹೋಗಿ ತಮ್ಮನ್ನು ಕರೆತರಲು ಸದ್ಯಕ್ಕೆ ನನ್ನ ಬಳಿಯಿರುವ ಯಾವ ನಾಯಿಯೂ ಒಪ್ಪುತ್ತಿಲ್ಲ.

ಇಂತಿ,
ತಾವು ಇಲ್ಲವೆನ್ನುವ ಸಂಸಾರವೊಂದರ ನೆರೆಮನೆಯವಳು